ಬೆರೆಸಿದ್ದೋ, ಬೆರೆತದ್ದೋ

ನಮ್ಮಮ್ಮ ಕೊನೆಯವರೆಗೂ ನಾನು ಇಂಗಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆಂದೇ ನಂಬಿದ್ದಳು. ಚಿಂತಾಮಣಿಯ ನಮ್ಮ ಬೀದಿಯಲ್ಲಿ ಯಾರಾದರೂ "ನಿಮ್ ಸುಜಾತಂಗೆ ಎಲ್ಲಮ್ಮ ಕೆಲಸ?" ಎಂದು ಕೇಳಿದರೆ, "ಚಿಕ್ಕಬಳ್ಳಾಪುರದಾಗೆ ಕಣಮ್ಮ, ಇಂಗು ಗಿಂಗು ಏನೋ ತೂಕ ಮಾಡ್ತಾಳೆ" ಎನ್ನುತ್ತಿದ್ದಳು. ಇಂಗಲ್ಲಮ್ಮ, ಇಂಗಾಲ ಎಂದು ಎಷ್ಟು ಸಲ ತಿದ್ದಿದರೂ ಪ್ರಯೋಜನವಾಗಲಿಲ್ಲ. ಆದರೆ ತೂಕ ಮಾಡುತ್ತಾಳೆ ಅಂದದ್ದು ಮಾತ್ರ ಸರಿ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ನಾನು ಮಾಡಿದ್ದು ಅದೊಂದೇ.

ಈಗ ನಮ್ಮ ಲ್ಯಾಬಿಗೆ ಸೇರಿಕೊಳ್ಳುತ್ತಿರುವ ಹುಡುಗ ಹುಡುಗಿಯರು ಬುದ್ಧಿವಂತರು. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದ ಮುಂದೆ ಕೂತು ಬಟನ್ ಒತ್ತಿದರೆ ಪರದೆಯ ಮೇಲೆ ಅಂಕಿ ಬರುತ್ತದೆ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅಂಕಿ ಬಂದ ಮೇಲೆಯೇ ಕೆಲಸ ಶುರು ಎಂದು ಅವರಿಗೆ ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿ, ಹೊದಿಸಿದ ಶಾಲು ಇವುಗಳ ಪುರಾಣ ಇಲ್ಲಿ ಇಲ್ಲ, ಹೆದರಬೇಡಿ.

ಮೊದಲು ಸ್ವಲ್ಪ ಪಾಠ. ಇಂಗಾಲದಲ್ಲಿ ಮೂರು ಬಗೆ. ಬಹುಪಾಲೆಲ್ಲ ಹಗುರವಾದ ಹನ್ನೆರಡು. ನೂರರಲ್ಲಿ ಸುಮಾರು ಒಂದು ಪಾಲು ತುಸು ಭಾರದ ಹದಿಮೂರು. ಹದಿನಾಲ್ಕು ಎನ್ನುವುದು ಬಲು ಅಪರೂಪ. ಅದು ವಿಕಿರಣ ಸೂಸುತ್ತ ನಿಧಾನವಾಗಿ ಕಡಿಮೆಯಾಗುತ್ತ ಹೋಗುತ್ತದೆ, ಎಷ್ಟು ಉಳಿದಿದೆ ಎಂದು ನೋಡಿ ಹಳೆಯ ವಸ್ತುಗಳ ವಯಸ್ಸು ಹೇಳುತ್ತಾರೆ. ಇವಕ್ಕೆ ಐಸೋಟೋಪ್ ಎಂದು ಹೆಸರು. ಒಂದೇ ಮನೆಯ ಮೂರು ಮಕ್ಕಳಿದ್ದಂತೆ, ನಡತೆ ಒಂದೇ, ತೂಕ ಮಾತ್ರ ಬೇರೆ. ಗಿಡಗಳು ಗಾಳಿಯಿಂದ ಇಂಗಾಲ ತೆಗೆದುಕೊಳ್ಳುವಾಗ ಒಂದೊಂದರದು ಒಂದೊಂದು ರೀತಿ. ಭತ್ತ, ಹೊಂಗೆ, ಹುಣಸೆ, ಮಾವು ಇವೆಲ್ಲ ಭಾರದ ಹದಿಮೂರನ್ನು ಅಷ್ಟು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ರಾಗಿ, ಜೋಳ, ಕಬ್ಬು ಅಷ್ಟೊಂದು ಮಡಿ ಮಾಡುವುದಿಲ್ಲ. ಇದಿಷ್ಟು ತಿಳಿದರೆ ಮುಂದಿನದ್ದೆಲ್ಲ ತಿಳಿಯುತ್ತದೆ.

ನಾನು ಸೇರಿದ ಕಾಲದಲ್ಲಿ ಒಂದು ಮಾದರಿ ಮುಗಿಸಲು ಅರ್ಧ ದಿನ ಬೇಕಿತ್ತು. ಮಾದರಿಯನ್ನು ಗಾಜಿನ ನಳಿಗೆಗೆ ಹಾಕಿ, ಗಾಳಿಯನ್ನೆಲ್ಲ ಹೊರಗೆ ಎಳೆದು, ಬಾಯಿಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿ, ಕುಲುಮೆಯಲ್ಲಿ ಸುಟ್ಟು, ಬಂದ ಅನಿಲವನ್ನು ದ್ರವ ಸಾರಜನಕದ ಚಳಿಯಲ್ಲಿ ಹಿಡಿದಿಡಬೇಕು. ಎಲ್ಲಾದರೂ ಸಣ್ಣ ಸೋರಿಕೆ ಇದ್ದರೆ ನಮ್ಮದೇ ಉಸಿರು ಒಳಗೆ ಸೇರಿ ಲೆಕ್ಕವೆಲ್ಲ ಕೆಡುತ್ತಿತ್ತು. ಈಗ ತವರದ ಪುಟ್ಟ ಬಟ್ಟಲಿನಲ್ಲಿ ಸಾಸಿವೆಕಾಳಿನಷ್ಟು ಹಾಕಿ ಮಡಚಿಟ್ಟರೆ ಯಂತ್ರವೇ ಒಂದೊಂದಾಗಿ ನುಂಗಿಕೊಳ್ಳುತ್ತದೆ. ನನಗೇನೂ ಹಳೆಯದರ ಮೇಲೆ ಮೋಹವಿಲ್ಲ. ಬೆರಳು ಸುಟ್ಟುಕೊಂಡವರಿಗೆ ಗೊತ್ತು, ಹೊಸದೇ ಒಳ್ಳೆಯದು.

ಶುರುವಿನ ದಿನಗಳಲ್ಲಿ ಕೊಳವೆಬಾವಿಯ ನೀರಿನ ವಯಸ್ಸು ಅಳೆಯುವ ತಂಡಕ್ಕೆ ಮಾದರಿ ಹಿಡಿದುಕೊಡಲು ಚಿಂತಾಮಣಿ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದೆ. ಆಳದ ನೀರಿನಲ್ಲಿ ಹದಿನಾಲ್ಕು ಎಷ್ಟು ಕಡಿಮೆಯಾಗಿದೆ ಎಂದು ನೋಡುವ ಕೆಲಸ ಅದು. ಒಬ್ಬ ಯಜಮಾನರಿಗೆ, ನಿಮ್ಮ ಬಾವಿಯ ನೀರು ಸಾವಿರಾರು ವರ್ಷ ಹಳೆಯದಿರಬಹುದು ಎಂದೆ. ಅವರು ಲೋಟವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. "ಅಷ್ಟು ಹಳೇದು ಅಂದ್ರೆ ಹಳಸಿರಲ್ವೇನಮ್ಮ?" ಎಂದು ನಕ್ಕರು. ಹಳಸಿಲ್ಲ, ಆದರೆ ಖರ್ಚಾದರೆ ಅಷ್ಟು ಬೇಗ ಮತ್ತೆ ತುಂಬುವುದಿಲ್ಲ ಎಂದು ವಿವರಿಸಿದೆ. ಅವರ ನಗು ನಿಂತುಹೋಯಿತು. ನಾನು ಬರೆದ ಎಷ್ಟೋ ವರದಿಗಳಿಗಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತು ಅನ್ನಿಸುತ್ತದೆ.

ಆಮೇಲೆ ಆಸ್ಪತ್ರೆಗಳಿಂದ ಉಸಿರಿನ ಚೀಲಗಳು ಬರತೊಡಗಿದವು. ಹೊಟ್ಟೆಯಲ್ಲಿ ಹುಣ್ಣು ಮಾಡುವ ಒಂದು ಬ್ಯಾಕ್ಟೀರಿಯಾ ಇದೆ. ರೋಗಿಯಿಂದ ಒಂದು ಚೀಲಕ್ಕೆ ಊದಿಸಿ, ಭಾರದ ಇಂಗಾಲವಿರುವ ಒಂದು ಔಷಧಿ ಕುಡಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಚೀಲಕ್ಕೆ ಊದಿಸುತ್ತಾರೆ. ಎರಡನೆಯದರಲ್ಲಿ ಹದಿಮೂರು ಹೆಚ್ಚಾಗಿದ್ದರೆ ಒಳಗೆ ಬ್ಯಾಕ್ಟೀರಿಯಾ ಇದೆ ಎಂದರ್ಥ. ಗೌರಿಬಿದನೂರಿನ ಒಬ್ಬರ ಅಂಕಿ ಅತ್ತಲೂ ಅಲ್ಲ, ಇತ್ತಲೂ ಅಲ್ಲ ಎಂಬಂತೆ ನಿಂತಿತು. ಖಾಲಿ ಹೊಟ್ಟೆಯಲ್ಲಿ ಬಂದಿದ್ದಿರಾ ಎಂದು ಫೋನು ಮಾಡಿ ಕೇಳಿದೆ. "ದೇವರಾಣೆ ಏನೂ ತಿಂದಿಲ್ಲ ಮೇಡಂ." ಕುಡಿದದ್ದು? "ಬಸ್‌ಸ್ಟ್ಯಾಂಡಾಗೆ ಒಂದ್ ಲೋಟ ಕಬ್ಬಿನ ಹಾಲು. ಅದು ತಿನ್ನೋದಲ್ವಲ್ಲ." ಕಬ್ಬಿನ ಇಂಗಾಲವೇ ಭಾರ, ಅದೇ ಎರಡನೆಯ ಚೀಲಕ್ಕೆ ಬಂದಿರಬೇಕು ಎಂದು ಹೇಳಿ ಇನ್ನೊಂದು ದಿನ ಬರಲು ತಿಳಿಸಿದೆ. ಆ ಸಲದ ಚೀಲದಲ್ಲಿ ಬ್ಯಾಕ್ಟೀರಿಯಾದ ಸುಳಿವಿರಲಿಲ್ಲ, ಪಾಪ, ಸುಮ್ಮನೆ ಮಾತ್ರೆ ನುಂಗುವುದು ತಪ್ಪಿತು. ಅಂದಹಾಗೆ, ಮುದ್ದೆ ಉಣ್ಣುವವರ ಮೊದಲ ಚೀಲವೇ ತುಸು ಭಾರ ತೋರಿಸುತ್ತದೆ. ಚೀಲ ನೋಡಿ ಇವರು ಮುದ್ದೆಯವರು, ಇವರು ಅನ್ನದವರು ಎಂದು ನಾನು ಹೇಳುತ್ತಿದ್ದೆ, ತಪ್ಪುತ್ತಿದ್ದದ್ದು ಕಡಿಮೆ. ಜಂಬ ಎಂದುಕೊಂಡರೆ ಅನ್ನಿ.

ನಮ್ಮ ಲ್ಯಾಬಿನ ಮುಖ್ಯಸ್ಥರು ಶ್ರೀಕಂಠಯ್ಯನವರು. ಕಟ್ಟುನಿಟ್ಟಿನ ಮನುಷ್ಯ. ಯಾರಾದರೂ ಫಲಿತಾಂಶದ ಜೊತೆಗೆ ಊಹೆ ಸೇರಿಸಿದರೆ "ಅಂಕಿ ಹೇಳಿ, ಕಥೆ ಬೇಡ" ಎನ್ನುತ್ತಿದ್ದರು. ಎದುರಿಗೆ ತಲೆಯಾಡಿಸಿ ಹಿಂದೆ ಬೈದುಕೊಳ್ಳುತ್ತಿದ್ದೆವು. ಆದರೆ ನಾನು ಕಲಿತ ಒಳ್ಳೆಯ ಅಭ್ಯಾಸಗಳಲ್ಲಿ ಅರ್ಧ ಅವರಿಂದಲೇ ಬಂದವು.

ಇನ್ನು ಜೇನಿನ ವಿಷಯ. ಇದನ್ನು ಹೇಳುವುದಕ್ಕೇ ಇಷ್ಟು ದೂರ ಬಂದದ್ದು.

ಜೇನಿಗೆ ಸಕ್ಕರೆ ಪಾಕ ಸೇರಿಸಿದರೆ ನಾಲಿಗೆಗೆ ಗೊತ್ತಾಗುವುದಿಲ್ಲ, ನಮ್ಮ ಯಂತ್ರಕ್ಕೆ ಗೊತ್ತಾಗುತ್ತದೆ. ಹುಳ ಹೀರುವ ಹೂವಿನ ಮಕರಂದವೆಲ್ಲ ಬಹುಮಟ್ಟಿಗೆ ಹಗುರ ಇಂಗಾಲದ್ದು, ಕಬ್ಬಿನ ಸಕ್ಕರೆ ಭಾರದ್ದು. ಜೇನಿನಲ್ಲೇ ಇರುವ ಚೂರು ಪ್ರೋಟೀನು ಸಕ್ಕರೆ ಸೇರಿದರೂ ಬದಲಾಗುವುದಿಲ್ಲ, ಅದನ್ನು ಬೇರೆ ತೆಗೆದು, ಅದರ ಇಂಗಾಲವನ್ನೂ ಜೇನಿನ ಇಂಗಾಲವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಎರಡೂ ಹೊಂದಿದರೆ ಜೇನು ಶುದ್ಧ. ಹೊಂದದಿದ್ದರೆ ನಮ್ಮ ವರದಿಯಲ್ಲಿ ಒಂದು ಸಾಲು ಅಚ್ಚಾಗುತ್ತಿತ್ತು: "ಕಬ್ಬಿನ ಸಕ್ಕರೆ ಬೆರೆಸಲಾಗಿದೆ."

ಒಂದು ಬೇಸಿಗೆಯಲ್ಲಿ ಆ ಸಾಲು ಹಿಡಿದುಕೊಂಡು ಒಬ್ಬ ಹೆಂಗಸು ಲ್ಯಾಬಿಗೆ ಬಂದಳು. ಹೆಸರು ಗಂಗರತ್ನ, ನಲವತ್ತರ ಆಸುಪಾಸು. ಮಂಡಿಕಲ್ ಹತ್ತಿರದ ಒಂದು ಹಳ್ಳಿಯಲ್ಲಿ ಜೇನುಪೆಟ್ಟಿಗೆ ಇಟ್ಟುಕೊಂಡ ಹೆಂಗಸರ ಸಂಘಕ್ಕೆ ಆಕೆಯೇ ಮುಂದಾಳು. ಎಲ್ಲರನ್ನೂ ಒಪ್ಪಿಸಿ ಪೆಟ್ಟಿಗೆ ಇಡಿಸಿದ್ದೂ, ಹೊಂಗೆ ತೋಪಿನಲ್ಲಿ ನಿಂತು ನೋಡಿಕೊಳ್ಳುತ್ತಿದ್ದದ್ದೂ, ಜೇನು ತೆಗೆಸಿ ಕಳಿಸುತ್ತಿದ್ದದ್ದೂ ಅವಳೇ. ಜೇನು ಕೊಳ್ಳುವವರು ನಮ್ಮ ವರದಿ ನೋಡಿ ಮಾಲು ವಾಪಸು ಕಳಿಸಿದ್ದರು. ಯಾರೋ ಅದರ ನಕಲನ್ನು ಊರಿನ ಹಾಲಿನ ಡೈರಿಯ ಗೋಡೆಗೆ ಅಂಟಿಸಿದ್ದರು. ಎರಡು ಹೊತ್ತೂ ಹಾಲು ಹಾಕಲು ಬರುವವರೆಲ್ಲ ಅದನ್ನು ಓದುತ್ತಿದ್ದರು.

ಗಂಗರತ್ನ ಅಳಲಿಲ್ಲ, ಕೂಗಾಡಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು.

"ಬೆರೆಸಲಾಗಿದೆ ಅಂತ ಬರ್ದಿದೀರಲ್ಲ ಮೇಡಂ, ಯಾರು ಬೆರೆಸಿದ್ದು? ನಿಮ್ ಮಿಷಿನ್ನು ನೋಡ್ತಾ?"

ನಾನು ಯಂತ್ರದ ವಿಷಯ ಹೇಳಹೊರಟೆ. ಅವಳು ತಡೆದಳು.

"ಮಿಷಿನ್ನು ಸುಳ್ಳು ಹೇಳ್ತೈತೆ ಅಂತ ನಾನು ಹೇಳಲ್ಲ. ಸಕ್ರೆ ಇದ್ರೆ ಇರ್ಬೋದು. ಬೆರೆತೈತೆ ಅಂದಿದ್ರೆ ತಲೆ ಬಗ್ಗಿಸ್ತಿದ್ದೆ. ಬೆರೆಸಲಾಗಿದೆ ಅಂದ್ರೆ ಒಂದು ಕೈ ಬೇಕಲ್ಲ. ಸಂಘದಾಗೆ ಜೇನು ಮುಟ್ಟೋ ಕೈ ನಂದೊಂದೇ. ಊರಾಗೆ ಎಲ್ಲಾರೂ ನನ್ ಕೈಯೇ ನೋಡ್ತಾರೆ ಈಗ."

ಅಷ್ಟು ವರ್ಷ ಆ ಸಾಲು ನಮ್ಮ ಲ್ಯಾಬಿನಿಂದ ಹೊರಗೆ ಹೋಗಿತ್ತು. ಅದರೊಳಗೆ ಒಂದು ಕೈ ಅಡಗಿದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸಿಡುಕು ಬಂತು, ನಿಜ ಹೇಳಿದ್ದಕ್ಕೆ ಬರುವಂಥ ಸಿಡುಕು. ಉಳಿಸಿಟ್ಟಿದ್ದ ಮಾದರಿಯನ್ನು ಆಕೆಯ ಎದುರಿಗೇ ಮತ್ತೆ ಪರೀಕ್ಷೆಗೆ ಹಾಕಿದೆ. ಫಲಿತಾಂಶ ಬದಲಾಗಲಿಲ್ಲ. ಯಂತ್ರದ ಮೇಲೆ ನನಗೆ ಅನುಮಾನ ಇರಲೂ ಇಲ್ಲ. ಆ ಹೆಂಗಸಿನ ಮೇಲೂ ಅನುಮಾನ ಬರಲಿಲ್ಲ. ಎರಡೂ ಸರಿ ಎಂದಾದರೆ ನೋಡದೆ ಬಿಟ್ಟದ್ದು ಬೇರೆ ಏನೋ ಇದೆ ಎಂದೇ ಲೆಕ್ಕ. ಭಾನುವಾರ ನಿಮ್ಮೂರಿಗೆ ಬರುತ್ತೇನೆ ಎಂದೆ.

ಹೋದೆ. ಹೊಂಗೆ ತೋಪಿನಲ್ಲಿ ಪೆಟ್ಟಿಗೆಗಳು ಸಾಲಾಗಿದ್ದವು. ಹುಳಗಳು ಪೆಟ್ಟಿಗೆಯಿಂದ ಹೊರಟು ತೋಪಿನ ಕಡೆಗೂ ಹೋಗುತ್ತಿದ್ದವು, ಆದರೆ ಹೆಚ್ಚಿನವು ಒಂದೇ ದಿಕ್ಕಿಗೆ, ರಸ್ತೆಯ ಕಡೆಗೆ ಹಾರುತ್ತಿದ್ದವು. ಅಲ್ಲೇನು ಹೂವಿದೆ ಎಂದು ಕೇಳಿದೆ. ಹೂವೇನೂ ಇಲ್ಲ ಎಂದಳು ಗಂಗರತ್ನ. ಇಬ್ಬರೂ ಅವುಗಳ ಹಿಂದೆ ನಡೆದೆವು.

ರಸ್ತೆ ಪಕ್ಕದ ಅರಳಿಕಟ್ಟೆಯಲ್ಲಿ ಅರವಟ್ಟಿಗೆ ಇತ್ತು. ತೆಂಗಿನ ಗರಿಯ ಚಪ್ಪರ, ಒದ್ದೆ ಬಟ್ಟೆ ಸುತ್ತಿದ ಮಡಕೆಗಳು. ರಾಮನವಮಿಗೆ ಶುರುಮಾಡಿ ಮಳೆ ಬೀಳುವವರೆಗೂ ದಾರಿಹೋಕರಿಗೆ ಬೆಲ್ಲದ ಪಾನಕ ಕೊಡುವುದು ಆ ಊರಿನ ಪದ್ಧತಿ. ಮಡಕೆಯ ಹಿಂದೆ ಕೂತಿದ್ದವರು ಗಂಗರತ್ನಳ ಅತ್ತೆ ಮುನಿವೆಂಕಟಮ್ಮ, ಎಂಬತ್ತರ ಅಜ್ಜಿ. ನನಗೊಂದು ಲೋಟ ಕೊಟ್ಟರು. ನಿಂಬೆ, ಮೆಣಸು, ಏಲಕ್ಕಿ ಎಲ್ಲ ಹದವಾಗಿ ಬಿದ್ದಿತ್ತು. ಕುಡಿಯುತ್ತ ಅರಳಿಮರದ ಆಚೆ ನೋಡಿದೆ. ಅಲ್ಲೊಂದು ಕಲ್ಲುಬಾನಿ. ಅದರ ತುಂಬ ಪಾನಕ, ಪಾನಕದ ಮೇಲೆ ಹುಲ್ಲುಕಡ್ಡಿ, ಪ್ರತಿ ಕಡ್ಡಿಯ ಮೇಲೂ ಜೇನುಹುಳಗಳು.

"ಇದೇನಜ್ಜಿ?" ಎಂದೆ.

ಅಜ್ಜಿಗೆ ಯಾರಾದರೂ ಕೇಳಲಿ ಎಂದೇ ಇತ್ತು. "ನಿನ್ನೆ ಉಳಿದ ಪಾನಕ ಕಣಮ್ಮ. ಜನಕ್ಕೆ ತಂಗಳು ಕೊಡಂಗಿಲ್ಲ, ಚೆಲ್ಲಿದ್ರೆ ಪಾಪ. ಬೆಳಿಗ್ಗೆ ಎದ್ದು ಇದ್ರಾಗೆ ಉಯ್ತೀನಿ. ನಮ್ ರತ್ನ ಹೇಳಿದ್ಲು, ಬ್ಯಾಸ್ಗೇಲಿ ಹುಳಕ್ಕೆ ನೀರಿಡ್ಬೇಕು ಅತ್ತೆ ಅಂತ. ಬರೀ ನೀರು ಹೆಂಗಮ್ಮ ಇಡೋದು? ಮನೆ ಬಾಗ್ಲಿಗೆ ಬಂದೋರಿಗೆ ಬೆಲ್ಲ ನೀರು ಕೊಡೋರು ನಾವು. ಮುಳುಗಿ ಸಾಯ್ಬಾರ್ದು ಅಂತ ಕಡ್ಡಿ ಹಾಕಿದೀನಿ ನೋಡು."

ಗಂಗರತ್ನ ಪಕ್ಕದ ಮನೆಯಿಂದ ಒಂದು ಹಿಡಿ ಅಕ್ಕಿಹಿಟ್ಟು ತಂದು, ಬಾನಿಯ ಹುಳಗಳ ಮೇಲೆ ನವಿರಾಗಿ ಉದುರಿಸಿದಳು. ಅಜ್ಜಿ ನಕ್ಕರು, ಸೊಸೆ ಅವಕ್ಕೆ ಪೌಡರು ಹಾಕುತ್ತಿದ್ದಾಳೆ ಎಂದು. ನಾವು ಬೇಗಬೇಗ ತೋಪಿಗೆ ವಾಪಸು ಬಂದು ಪೆಟ್ಟಿಗೆಗಳ ಮುಂದೆ ಕೂತೆವು. ಸ್ವಲ್ಪ ಹೊತ್ತಿಗೆ ಬೆನ್ನು ಬೆಳ್ಳಗಾದ ಹುಳವೊಂದು ಬಂದು ಒಳಗೆ ಹೋಯಿತು. ಹಿಂದೆಯೇ ಇನ್ನೊಂದು, ಮತ್ತೆ ಎರಡು. ಬೆಲ್ಲ ಕಬ್ಬಿನದೇ ತಾನೆ. ಎದುರಿಗೇ ಪಾನಕ ಸಿಗುತ್ತಿರುವಾಗ ಹುಳ ಯಾಕೆ ಹೂವಿಂದ ಹೂವಿಗೆ ಅಲೆಯಬೇಕು?

ನನಗೆ ಗೆದ್ದಷ್ಟು ಸಂತೋಷವಾಯಿತು. "ಬಾರಮ್ಮ, ನಾಳೆಯೇ ಬರೆದುಕೊಡುತ್ತೇನೆ. ಅರವಟ್ಟಿಗೆಯ ಪಾನಕ, ಕಲ್ಲುಬಾನಿ, ನಿಮ್ಮತ್ತೆ ಹುಯ್ದದ್ದು, ಎಲ್ಲ. ನಿನ್ನ ಕೈಯಲ್ಲ ಎಂದು ಊರಿಗೇ ಗೊತ್ತಾಗಲಿ" ಎಂದೆ.

ಗಂಗರತ್ನ ತಲೆಯಾಡಿಸಿದಳು, ಬೇಡ ಎಂದು.

"ನನ್ ಕೈ ತೆಗ್ದು ನಮ್ಮತ್ತೆ ಕೈ ಹಾಕ್ತೀರಾ ಮೇಡಂ ಅದಕ್ಕೆ? ಹೋದ ವರ್ಷ ಮಾವ ಹೋದ್ಮೇಲೆ ಅವ್ರು ಕೋಣೆ ಬಿಟ್ಟು ಆಚೆಗೇ ಬಂದಿರ್ಲಿಲ್ಲ. ಈ ಅರವಟ್ಟಿಗೆ ಬಂದ್ಮೇಲೆ ಎದ್ದು ಓಡಾಡ್ತಾ ಅವ್ರೆ. ಸಂಘದ ಜೇನು ಕೆಟ್ಟಿದ್ದು ನಿಮ್ಮಿಂದ್ಲೇ ಅಂತ ಡೈರಿ ಗೋಡೆ ಮ್ಯಾಲೆ ಹಚ್ಚಿದ್ರೆ ಆ ಜೀವ ಮತ್ತೆ ಕೋಣೆ ಸೇರ್ಕೊಂತದೆ."

"ಮತ್ತೆ ನಿನ್ನ ಹೆಸರು?"

"ಬೆರೆತೈತೆ ಅಂತ ಬರೀರಿ, ಅಷ್ಟು ಸಾಕು. ಅದು ಸುಳ್ಳಲ್ವಲ್ಲ."

ಅಂಕಿಗೆ ಕಾರಣ ಹುಡುಕುವುದೇ ದೊಡ್ಡತನ ಎಂದು ತಿಳಿದಿದ್ದವಳು ನಾನು. ಸಿಕ್ಕ ಕಾರಣವನ್ನು ಬರೆಯದೆ ಬಿಡುವುದೂ ಕೆಲಸದ ಭಾಗ ಎಂದು ಆವತ್ತಿನವರೆಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಆಗಲಿ ಎಂದೆ.

ಮಾರನೆಯ ದಿನ ಶ್ರೀಕಂಠಯ್ಯನವರ ಕೋಣೆಗೆ ಹೋದೆ. ವರದಿಯಲ್ಲಿ ಒಂದು ಪದ ಬದಲಾಗಬೇಕು ಎಂದೆ. ಅವರು ತಲೆಯೆತ್ತಲಿಲ್ಲ.

"ಅಂಕಿ ಬದಲಾಯ್ತೇನ್ರಿ?"

"ಇಲ್ಲ ಸರ್."

"ಮತ್ತೆ ಪದ ಯಾಕೆ ಬದಲಾಗಬೇಕು? ಎಲ್ಲಾ ಕಡೆಗೂ ಹೋಗೋ ಒಕ್ಕಣೆ ಅದು. ಯಾರೋ ಬಂದು ಕಣ್ಣೀರು ಹಾಕಿದ್ರು ಅಂತ ತಿದ್ದೋಕಾಗುತ್ತಾ?"

"ಆಕೆ ಕಣ್ಣೀರು ಹಾಕಿಲ್ಲ ಸರ್, ವ್ಯಾಕರಣ ಹೇಳಿದಾಳೆ. ಅಂಕಿ ಹೇಳಿ, ಕಥೆ ಬೇಡ ಅಂತ ನೀವೇ ಅಲ್ವಾ ಹೇಳೋದು? ಬೆರೆತಿದೆ ಅನ್ನೋದು ಅಂಕಿ ಸರ್. ಬೆರೆಸಲಾಗಿದೆ ಅನ್ನೋದು ಕಥೆ. ಯಾರೋ ಬೆರೆಸಿದ್ದನ್ನ ನಾವು ನೋಡಿಲ್ಲ."

ಶ್ರೀಕಂಠಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಸಾಲನ್ನು ಮತ್ತೊಮ್ಮೆ ಓದಿದರು. ಅವರು ಸೋಲನ್ನು ಸುಲಭವಾಗಿ ಒಪ್ಪುವವರಲ್ಲ. "ಹೌದಲ್ರಿ, ಇಷ್ಟು ದಿನ ಕಥೆ ಬರೀತಿದ್ವಿ" ಎಂದಷ್ಟೇ ಹೇಳಿ ತಮ್ಮ ಪೆನ್ನಿನಿಂದ ತಿದ್ದಿದರು. ಗಂಗರತ್ನಳ ವರದಿಗಷ್ಟೇ ಅಲ್ಲ, ಆವತ್ತಿನಿಂದ ಎಲ್ಲ ವರದಿಗಳಿಗೂ. ಈಗ ನೀವು ಲ್ಯಾಬಿನಲ್ಲಿ ನೋಡುವ "ಕಬ್ಬಿನ ಸಕ್ಕರೆ ಬೆರೆತಿದೆ, ಹೇಗೆಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ" ಎಂಬ ಸಾಲು ಎಲ್ಲಿಂದ ಬಂತು ಎಂದು ಕೇಳಿದವರಿಗೆ ಇದೇ ಉತ್ತರ.

ಗಂಗರತ್ನ ಹೊಸ ವರದಿಯನ್ನು ತಾನೇ ತೆಗೆದುಕೊಂಡು ಹೋಗಿ ಡೈರಿಯ ಗೋಡೆಯ ಮೇಲೆ ಹಳೆಯದರ ಮೇಲೆಯೇ ಅಂಟಿಸಿದಳು. ಸಂಘದ ಹೆಂಗಸರು ಅವಳನ್ನು ನಂಬಿದರು. ಊರಿನವರಲ್ಲಿ ಕೆಲವರು ನಂಬಿದರು, ಕೆಲವರು ನಂಬಲಿಲ್ಲ. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದಕ್ಕಾಗುತ್ತದೆಯೇ. ಆ ಜೇನು ಮಾರಾಟವಾಗಲಿಲ್ಲ. ಬೇರೆ ಹೆಸರಿನಲ್ಲಿ ಕೊಳ್ಳುತ್ತೇವೆ ಎಂದು ಬಂದವರನ್ನು ಅವಳು ಬಾಗಿಲಿನಿಂದಲೇ ಕಳಿಸಿದಳು. ಮಳೆಗಾಲದಲ್ಲಿ ಹೂವಿಲ್ಲದಾಗ ಹುಳಗಳಿಗೇ ಇಟ್ಟಳು. ಕೊಳ್ಳುವವರು ಹೇಳಿದ್ದು ಒಂದೇ ಮಾತು. ಮುಂದಿನ ಬೇಸಿಗೆಯ ಜೇನು ಪರೀಕ್ಷೆಯಲ್ಲಿ ಗೆದ್ದರೆ ಸಂಘ ಉಳಿಯುತ್ತದೆ, ಸೋತರೆ ಇಲ್ಲ.

ಮುಂದಿನ ವರ್ಷ ರಾಮನವಮಿಗೆ ಮೊದಲೇ ಅವಳು ಪೆಟ್ಟಿಗೆಗಳನ್ನೆಲ್ಲ ಗುಡ್ಡದಾಚೆ, ಸಾದಲಿ ಕಡೆಯ ನೆಂಟರ ತೋಟಕ್ಕೆ ಸಾಗಿಸಿದಳು. ಅಲ್ಲಿ ಹೂವು ಜಾಸ್ತಿ ಅತ್ತೆ ಎಂದು ಮನೆಯಲ್ಲಿ ಹೇಳಿದಳಂತೆ. ದಿನಾ ಅಷ್ಟು ದೂರ ಹೋಗಿಬರುವುದು ಹಗುರದ ಕೆಲಸವಲ್ಲ. ಆ ಬೇಸಿಗೆಯ ಜೇನು ನಮ್ಮ ಲ್ಯಾಬಿಗೆ ಬಂದಾಗ ಬಾಟಲಿಯ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ ಇತ್ತು, ಅದು ನಿಯಮ. ಪರೀಕ್ಷೆ ಮಾಡಿದವರು ಬೇರೆ. ಅಂಕಿ ಹೊಂದಿತು, ಜೇನು ಶುದ್ಧ. ಅದು ಅವರದೇ ಎಂದು ವರದಿ ಹೋದ ಮೇಲೆ ಗಂಗರತ್ನಳ ಫೋನಿನಿಂದ ನನಗೆ ತಿಳಿಯಿತು. ಆ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದೆ, ಯಾಕೆಂದು ಯಾರಿಗೂ ಹೇಳಲಿಲ್ಲ.

ಅದೇ ತಿಂಗಳು ನನಗೆ ನಿವೃತ್ತಿಯಾಯಿತು. ಬಿಡುವಾದ ಮೇಲೆ ಮೊದಲು ಹೋದದ್ದು ಆ ಊರಿಗೆ. ಗಂಗರತ್ನ ಬಸ್ಸಿನ ಹತ್ತಿರ ಬಂದಿದ್ದಳು, ಇಬ್ಬರೂ ಅರವಟ್ಟಿಗೆಗೆ ಹೋದೆವು. ಅಜ್ಜಿ ಗುರುತು ಹಿಡಿದು ಪಾನಕ ಕೊಟ್ಟರು. ಆದರೆ ಮುಖ ಸಪ್ಪಗಿತ್ತು. ಬಾನಿಯಲ್ಲಿ ಪಾನಕ ಹಾಗೇ ನಿಂತಿತ್ತು, ಕಡ್ಡಿಗಳು ತೇಲುತ್ತಿದ್ದವು.

"ಈ ವರ್ಷ ಹುಳ ಬರ್ಲಿಲ್ಲ ಕಣಮ್ಮ" ಎಂದರು. "ಪೆಟ್ಟಿಗೆ ಗುಡ್ಡದಾಚೆ ಇಟ್ಟವ್ಳೆ, ಗೊತ್ತು. ಆದ್ರೂ ಬರ್ತವೆ ಅಂದ್ಕೊಂಡಿದ್ದೆ. ಅಷ್ಟು ದಿನ ಕುಡಿಸಿದ ಕೈ ಮರ್ತೇ ಬಿಟ್ವಾ?"

ಗಂಗರತ್ನ ಅತ್ತೆಯ ಪಕ್ಕದಲ್ಲಿ ಕೂತು ಅವರ ಸೆರಗು ಸರಿಮಾಡಿದಳು.

"ಮರ್ತಿಲ್ಲ ಕಣತ್ತೆ. ಅಲ್ಲೇ ಹೊಟ್ಟೆ ತುಂಬ್ತೈತೆ ಅವಕ್ಕೆ. ಅದಕ್ಕೇ ಬಂದಿಲ್ಲ."

ಅಜ್ಜಿಯ ಮುಖ ನಿಧಾನವಾಗಿ ಅರಳಿತು.

"ಮಗಳು ಗಂಡನ ಮನೇಲಿ ಚೆನ್ನಾಗಿದ್ರೆ ತೌರಿಗೆ ಬರೋದು ಕಮ್ಮಿ ಆಗ್ತದೆ. ಹಂಗಾದ್ರೆ ಸರಿ ಬಿಡು" ಎಂದು ನನ್ನ ಲೋಟಕ್ಕೆ ಇನ್ನಷ್ಟು ಹುಯ್ದರು.